ಹಾಸಿಗೆಯ ಅಳತೆ ತಪ್ಪಿದ ರಾಜ್ಯ

ಜರ್ಮನಿಯ ಉತ್ತರದ ಅಂಚಿನಲ್ಲಿರುವ ಫ್ಲೆನ್ಸ್‌ಬರ್ಗ್ ಪಟ್ಟಣದ ಹಳೆಯ ಸ್ಮಶಾನದಲ್ಲಿ, ಎತ್ತರದ ಪೀಠದ ಮೇಲೆ, ಕಂಚಿನ ಸಿಂಹವೊಂದು ಕೂತಿದೆ. ಅದನ್ನು ಅಲ್ಲಿ ಸ್ಥಾಪಿಸಿದವರು ಜರ್ಮನರಲ್ಲ, ಡೆನ್ಮಾರ್ಕಿನವರು. 1850ರ ಜುಲೈ 25ರಂದು ಇಸ್ಟೆಡ್ ಎಂಬ ಹಳ್ಳಿಯ ಬಳಿ ಶ್ಲೆಸ್ವಿಗ್-ಹೋಲ್‌ಸ್ಟೈನ್ ಬಂಡುಕೋರರ ಸೇನೆಯನ್ನು ಡೇನರು ಸೋಲಿಸಿದ್ದರು. ಆ ಗೆಲುವಿನ ನೆನಪಿಗೆ ಶಿಲ್ಪಿ ಬಿಸ್ಸೆನ್ ಅವರಿಂದ ಸಿಂಹವನ್ನು ಮಾಡಿಸಿ, 1862ರ ಅದೇ ದಿನ ಅನಾವರಣ ಮಾಡಿದರು. ಆಗ ಫ್ಲೆನ್ಸ್‌ಬರ್ಗ್ ಡೆನ್ಮಾರ್ಕಿನ ದೊರೆಯ ಆಳ್ವಿಕೆಯಲ್ಲಿತ್ತು. ಎರಡು ವರ್ಷ ತುಂಬುವ ಮೊದಲೇ ಆ ಊರು ಶತ್ರುವಿನ ಪಾಲಾಯಿತು. ಪ್ರಷ್ಯನ್ನರು ಸಿಂಹವನ್ನು ಕಿತ್ತು ಬರ್ಲಿನ್‌ಗೆ ಸಾಗಿಸಿದರು. ಎರಡನೇ ಮಹಾಯುದ್ಧ ಮುಗಿದಾಗ, 1945ರಲ್ಲಿ, ಅದು ಕೋಪನ್‌ಹೇಗನ್‌ಗೆ ಬಂತು. 2011ರಲ್ಲಿ ಎರಡೂ ದೇಶಗಳ ಒಪ್ಪಿಗೆಯಿಂದ ಮತ್ತೆ ಫ್ಲೆನ್ಸ್‌ಬರ್ಗ್ ಸೇರಿತು. ವಿಜಯದ ಗುರುತಾಗಿ ನಿಲ್ಲಿಸಿದ ಸಿಂಹ ಒಂದೂವರೆ ಶತಮಾನ ಊರೂರು ಅಲೆಯಿತು. ಡೆನ್ಮಾರ್ಕಿನ ಅತಿ ದೊಡ್ಡ ಸೋಲು ಅದರ ಅತಿ ದೊಡ್ಡ ವಿಜಯಸ್ಮಾರಕದ ಬೆನ್ನಿಗೇ ಬಂದದ್ದು ಕಾಕತಾಳೀಯವಲ್ಲ. ಆ ಗೆಲುವೇ ಸೋಲಿಗೆ ದಾರಿ ಮಾಡಿಕೊಟ್ಟಿತು ಎಂಬುದು ಈ ಲೇಖನದ ವಾದ.

ಡೆನ್ಮಾರ್ಕಿನ ಯುದ್ಧಗಳ ಕಥೆ ಹೇಳುವವರು ಸಾಮಾನ್ಯವಾಗಿ ಒಂದು ಸರಳ ವಿವರಣೆ ಕೊಡುತ್ತಾರೆ. ಪುಟ್ಟ ದೇಶ, ಸುತ್ತಲೂ ದೊಡ್ಡವರು, ಸೋಲದೆ ಇನ್ನೇನಾದೀತು? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು, ಅಷ್ಟೇ. ಗಾದೆ ಸುಳ್ಳಲ್ಲ. ಆದರೆ ಒಂದು ರಾಜ್ಯಕ್ಕೆ ತನ್ನ ಹಾಸಿಗೆ ಎಷ್ಟುದ್ದ ಎಂದು ತಿಳಿಯುವುದು ಹೇಗೆ? ಕತ್ತಲಲ್ಲಿ ಮಲಗುವವನಿಗೆ ನಿನ್ನೆ ರಾತ್ರಿ ಕಾಲು ಎಲ್ಲಿಯವರೆಗೆ ಹೋಗಿತ್ತು ಎಂಬುದೇ ಅಳತೆ. ಡೆನ್ಮಾರ್ಕ್ ಎಡವಿದ್ದು ಅಲ್ಲಿ. ಯಾರದೋ ಹಿತಕ್ಕಾಗಿ ಒದಗಿಬಂದ ಗೆಲುವನ್ನು ತನ್ನ ಬಲದ ಗೆಲುವೆಂದು ಎಣಿಸಿತು. ಯಾರದೋ ಅನುಕೂಲಕ್ಕಾಗಿ ಉಳಿದುಬಂದ ಶಾಂತಿಯನ್ನು ತನ್ನ ನೀತಿಯ ಫಲವೆಂದು ನಂಬಿತು. ಮುಂದಿನ ಸಲ ಅದೇ ಅಳತೆಗೆ ಕಾಲು ಚಾಚಿದಾಗ ಹಾಸಿಗೆ ಮೊಟಕಾಗಿತ್ತು. ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಡೆನ್ಮಾರ್ಕ್ ಚಿಕ್ಕದಾಗಿದ್ದರಿಂದ ಸೋತದ್ದಲ್ಲ, ಸೋತು ಸೋತು ಚಿಕ್ಕದಾದದ್ದು. ಇಂದು ಭೂಪಟದಲ್ಲಿ ಕಾಣುವ ಆಕಾರವನ್ನು ಹಿಂದಿನ ಶತಮಾನಗಳ ಮೇಲೆ ಹೊರಿಸಿದರೆ ಕಾರಣವೂ ಪರಿಣಾಮವೂ ಅದಲುಬದಲಾಗುತ್ತವೆ.

ವೈಕಿಂಗರ ಕಥೆ ಎಲ್ಲರಿಗೂ ಒಂದಿಷ್ಟು ಗೊತ್ತಿರುವುದರಿಂದ ಅದನ್ನು ಬೇಗ ದಾಟಬಹುದು. 1016ರಲ್ಲಿ ಇಂಗ್ಲೆಂಡಿನ ಸಿಂಹಾಸನವೇರಿದ ಕ್ನೂಟ್, ಮುಂದೆ ಡೆನ್ಮಾರ್ಕನ್ನೂ ನಾರ್ವೆಯನ್ನೂ ಸೇರಿಸಿ ಆಳಿದ. 1035ರಲ್ಲಿ ಆತ ತೀರಿಕೊಂಡ ಮೇಲೆ ಏಳೇ ವರ್ಷಗಳಲ್ಲಿ ಆ ಸಾಮ್ರಾಜ್ಯ ಚದುರಿಹೋಯಿತು. ಎರಡನೇ ವಾಲ್ಡೆಮಾರ್ 1219ರಲ್ಲಿ ಈಗಿನ ಟ್ಯಾಲಿನ್ ಇರುವ ಜಾಗದಲ್ಲಿ ಎಸ್ಟೋನಿಯನ್ನರನ್ನು ಸೋಲಿಸಿದ. ಕೆಂಪು ನೆಲದ ಮೇಲೆ ಬಿಳಿ ಶಿಲುಬೆಯಿರುವ ಡೆನ್ಮಾರ್ಕಿನ ಧ್ವಜ ಆ ದಿನ ಆಕಾಶದಿಂದ ಬಿತ್ತು ಎಂಬ ಐತಿಹ್ಯ ಇಂದಿಗೂ ಜನರ ಬಾಯಲ್ಲಿದೆ. ಎಂಟು ವರ್ಷಗಳ ನಂತರ, 1227ರಲ್ಲಿ, ಅದೇ ದೊರೆ ಬೋರ್ನ್‌ಹೋವೆಡ್‌ನಲ್ಲಿ ಉತ್ತರ ಜರ್ಮನ್ ಪಾಳೆಯಗಾರರ ಎದುರು ಸೋತ. ದಕ್ಷಿಣದ ಗಡಿಯಲ್ಲಿ ಅದಕ್ಕೂ ಎಷ್ಟೋ ಮೊದಲೇ ಎದ್ದುನಿಂತ ಡಾನೆವಿರ್ಕೆ ಎಂಬ ಮಣ್ಣಿನ ಕೋಟೆಗೋಡೆಯನ್ನು ಮಾತ್ರ ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಜಟ್‌ಲ್ಯಾಂಡ್ ಪರ್ಯಾಯದ್ವೀಪದ ಕುತ್ತಿಗೆಗೆ ಅಡ್ಡಲಾಗಿ ಸುಮಾರು 30 ಕಿಲೋಮೀಟರ್ ಹಬ್ಬಿದ ಈ ಗೋಡೆ ಸಾವಿರ ವರ್ಷ ಕಳೆದ ಮೇಲೆ ಮತ್ತೆ ಕಥೆಯೊಳಗೆ ಬರುತ್ತದೆ.

ಡೆನ್ಮಾರ್ಕಿನ ನಿಜವಾದ ಬಲ ಇದ್ದದ್ದು ಕತ್ತಿಯಲ್ಲಿ ಅಲ್ಲ, ನೀರಿನಲ್ಲಿ. ಬಾಲ್ಟಿಕ್ ಸಮುದ್ರಕ್ಕೆ ಹೋಗುವ ಹಡಗುಗಳ ಮುಖ್ಯ ದಾರಿ ಓರೆಸುಂಡ್ ಜಲಸಂಧಿ. ಅದರ ಅತಿ ಕಿರಿದಾದ ಜಾಗ ಹೆಲ್ಸಿಂಗೋರ್ ಬಳಿ ನಾಲ್ಕೈದು ಕಿಲೋಮೀಟರ್ ಅಷ್ಟೇ. 1420ರ ದಶಕದ ಕೊನೆಯಿಂದ 1857ರವರೆಗೆ ಅಲ್ಲಿ ಹಾಯುವ ಬಹುತೇಕ ವಿದೇಶಿ ಹಡಗುಗಳು ಡೆನ್ಮಾರ್ಕಿನ ದೊರೆಗೆ ಸುಂಕ ಕಟ್ಟಬೇಕಿತ್ತು. 17ನೇ ಶತಮಾನದ ಮಧ್ಯದವರೆಗೆ ಜಲಸಂಧಿಯ ಎರಡೂ ದಡಗಳು ಅವನವೇ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎಂಬುದನ್ನು ಡಚ್ ವರ್ತಕರು ತಲೆಮಾರುಗಳ ಕಾಲ ಕಲಿತರು. ವಸೂಲಿಯ ವಿಧಾನವೂ ಜಾಣತನದ್ದು. ಸರಕಿನ ಬೆಲೆಯನ್ನು ನಾವಿಕನೇ ಘೋಷಿಸಬೇಕು. ಆದರೆ ಆ ಬೆಲೆಗೆ ಇಡೀ ಸರಕನ್ನು ಕೊಳ್ಳುವ ಹಕ್ಕು ದೊರೆಗಿತ್ತು. ಬೆಲೆ ಇಳಿಸಿ ಹೇಳಿದರೆ ಸರಕು ಕೈಬಿಡುತ್ತದೆ, ಏರಿಸಿ ಹೇಳಿದರೆ ಸುಂಕ ಏರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ಹಣ ಸೇರುತ್ತಿದ್ದದ್ದು ನೇರವಾಗಿ ದೊರೆಯ ಪೆಟ್ಟಿಗೆಗೆ. ಯುದ್ಧಕ್ಕೆ ಹೋಗಲು ಅವನು ಶ್ರೀಮಂತರ ರಾಜ್ಯಮಂಡಳಿಯ ಮುಂದೆ ಕೈಚಾಚಬೇಕಾಗಿರಲಿಲ್ಲ. ಬೇಡ ಎನ್ನುವವರ ಮಾತು ಕೇಳದಿರಲು ಬೇಕಾದಷ್ಟು ದುಡ್ಡು ದೊರೆಯ ಬಳಿ ಇತ್ತು. ಸುಂಕದಕಟ್ಟೆ ಡೆನ್ಮಾರ್ಕಿಗೆ ಕೊಟ್ಟ ಅತಿ ದೊಡ್ಡ ವರವೂ ಅದೇ, ಶಾಪವೂ ಅದೇ.

ಇದನ್ನು ನಾಲ್ಕನೇ ಕ್ರಿಶ್ಚಿಯನ್ ದೊರೆಯ ಬದುಕಿನಷ್ಟು ಸ್ಪಷ್ಟವಾಗಿ ಬೇರಾವುದೂ ತೋರಿಸುವುದಿಲ್ಲ. 1611ರಲ್ಲಿ ಆತ ಸ್ವೀಡನ್ ಮೇಲೆ ಯುದ್ಧ ಹೂಡಿದ. 1613ರ ಒಪ್ಪಂದದಲ್ಲಿ ಎಲ್ಫ್ಸ್‌ಬೋರ್ಗ್ ಕೋಟೆಯನ್ನು ಮರಳಿಸಲು ಹತ್ತು ಲಕ್ಷ ಬೆಳ್ಳಿ ನಾಣ್ಯಗಳ ಬೆಲೆ ಕಟ್ಟಿಸಿಕೊಂಡ. ಸ್ವೀಡನ್ ಕಷ್ಟಪಟ್ಟು ಅದನ್ನು ತೀರಿಸಿತು. ಆಗ ನಾರ್ವೆ, ಐಸ್‌ಲ್ಯಾಂಡ್, ಈಗ ದಕ್ಷಿಣ ಸ್ವೀಡನ್ ಆಗಿರುವ ಸ್ಕೋನೆ ಪ್ರಾಂತ್ಯ ಎಲ್ಲವೂ ಅವನ ಕೈಯಲ್ಲಿದ್ದವು. ಉತ್ತರ ಯುರೋಪಿನ ಅತಿ ಸಿರಿವಂತ ದೊರೆಗಳಲ್ಲಿ ಆತ ಒಬ್ಬ. ಆ ಗೆಲುವೂ ಆ ಹಣವೂ 1625ರಲ್ಲಿ ಅವನನ್ನು ಜರ್ಮನಿಯ ಮೂವತ್ತು ವರ್ಷಗಳ ಯುದ್ಧಕ್ಕೆ ಇಳಿಸಿದವು. ರಾಜ್ಯಮಂಡಳಿ ಒಪ್ಪಲಿಲ್ಲ. ಹಾಗಾದರೆ ಡೆನ್ಮಾರ್ಕಿನ ದೊರೆಯಾಗಿ ಅಲ್ಲ, ಹೋಲ್‌ಸ್ಟೈನಿನ ಡ್ಯೂಕ್ ಆಗಿ ಹೋಗುತ್ತೇನೆ ಎಂದು ಹೊರಟ. ಇಂಗ್ಲೆಂಡ್ ಮತ್ತು ಡಚ್ಚರು ಮಾತು ಕೊಟ್ಟಿದ್ದ ಹಣದಲ್ಲಿ ಬಹುಪಾಲು ಬರಲೇ ಇಲ್ಲ. 1626ರ ಆಗಸ್ಟ್ 27ರಂದು ಲುಟರ್ ಎಂಬಲ್ಲಿ ಎದುರಾಳಿ ಸೇನಾನಿ ಟಿಲ್ಲಿಯ ಪಡೆ ಅವನನ್ನು ಮುರಿಯಿತು. ಮರುವರ್ಷ ಇಡೀ ಜಟ್‌ಲ್ಯಾಂಡ್ ಶತ್ರುಸೇನೆಯ ಕಾಲಡಿ ನಲುಗಿತು.

ಮುಂದಿನ ಮೂರು ದಶಕ ಇದೇ ತಪ್ಪಿನ ಪುನರಾವರ್ತನೆ. ಹಣ ತೂಗಿಸಲು ದೊರೆ ಸುಂಕ ಏರಿಸಿದ, ಡಚ್ಚರು ಸಿಟ್ಟಾದರು. 1643ರ ಡಿಸೆಂಬರಿನಲ್ಲಿ ಸ್ವೀಡನ್ ಯುದ್ಧ ಘೋಷಿಸದೆ ದಕ್ಷಿಣದಿಂದ ನುಗ್ಗಿದಾಗ, ಸ್ವೀಡನ್ ಪರವಾಗಿ ಬಂದದ್ದು ಬಾಡಿಗೆಗೆ ತಂದ ಡಚ್ ಹಡಗುಗಳು. 1657ರಲ್ಲಿ ಸ್ವೀಡನ್ನಿನ ಹತ್ತನೇ ಚಾರ್ಲ್ಸ್ ಪೋಲೆಂಡಿನ ಯುದ್ಧದಲ್ಲಿ ಸಿಕ್ಕಿಕೊಂಡಿದ್ದಾನೆ, ಹಿಂದಿನ ಯುದ್ಧದಲ್ಲಿ ಕಳೆದದ್ದನ್ನು ಮರಳಿ ಪಡೆಯಲು ಇದೇ ಸಮಯ ಎಂದು ಡೆನ್ಮಾರ್ಕಿನ ದೊರೆ ಮೂರನೇ ಫ್ರೆಡರಿಕ್ ಯುದ್ಧ ಸಾರಿದ. ಚಾರ್ಲ್ಸ್ ಪೋಲೆಂಡನ್ನು ಬಿಟ್ಟು ಜಟ್‌ಲ್ಯಾಂಡಿಗೆ ಬಂದ. ಆ ಚಳಿಗಾಲ ಸಮುದ್ರವೇ ಹೆಪ್ಪುಗಟ್ಟಿತು. ದ್ವೀಪಗಳಿಗೆ ಕಂದಕದಂತಿದ್ದ ನೀರು ಹೆದ್ದಾರಿಯಾಯಿತು. 1658ರ ಜನವರಿ 30ರಂದು ಸ್ವೀಡನ್ನಿನ ಕುದುರೆಪಡೆ ಲಿಟಲ್ ಬೆಲ್ಟ್ ಜಲಸಂಧಿಯ ಮಂಜುಗಡ್ಡೆಯ ಮೇಲೆ ನಡೆದು ಬಂತು. ಎರಡು ತುಕಡಿಗಳು ಗಡ್ಡೆ ಒಡೆದು ಮುಳುಗಿದರೂ ಉಳಿದವರು ನಿಲ್ಲಲಿಲ್ಲ. ನಾಲ್ಕು ವಾರಗಳೊಳಗೆ ರೋಸ್ಕಿಲ್ಡೆಯ ಒಪ್ಪಂದ. ಸ್ಕೋನೆ, ಬ್ಲೇಕಿಂಗೆ, ಹಾಲಂಡ್ ಎಲ್ಲ ಸ್ವೀಡನ್ನಿಗೆ. ರಾಜ್ಯದ ಸುಮಾರು ಮೂರನೇ ಒಂದು ಭಾಗ ಹೋಯಿತು. ಚಾರ್ಲ್ಸ್ ಅಷ್ಟಕ್ಕೇ ತೃಪ್ತನಾಗದೆ ಅದೇ ಆಗಸ್ಟಿನಲ್ಲಿ ಮತ್ತೆ ಬಂದು ಕೋಪನ್‌ಹೇಗನ್ ಮುತ್ತಿದಾಗ, ಈ ಸಲ ಕಾಪಾಡಲು ಬಂದದ್ದು ಅದೇ ಡಚ್ಚರ ನೌಕಾಪಡೆ. ಅವರಿಗೆ ಡೆನ್ಮಾರ್ಕಿನ ಮೇಲೆ ಮಮತೆ ಹುಟ್ಟಿರಲಿಲ್ಲ. ಜಲಸಂಧಿಯ ಎರಡೂ ದಡ ಒಬ್ಬನ ಕೈಗೆ ಸೇರಬಾರದು, ಅವನು ಯಾರೇ ಆಗಿರಲಿ, ಎಂಬುದು ಅವರ ಲೆಕ್ಕ. ಡೆನ್ಮಾರ್ಕನ್ನು ಉಳಿಸಿದ ನಿಯಮವೂ, ಸ್ಕೋನೆಯನ್ನು ಅದಕ್ಕೆ ಮರಳಿ ಸಿಗದಂತೆ ಮಾಡಿದ ನಿಯಮವೂ ಒಂದೇ. 1677ರಲ್ಲಿ ಡೆನ್ಮಾರ್ಕಿನ ನೌಕಾನಾಯಕ ನೀಲ್ಸ್ ಯೂಲ್ ಕೋಗೆ ಕೊಲ್ಲಿಯಲ್ಲಿ ಸ್ವೀಡನ್ನಿನ ನೌಕಾಪಡೆಯನ್ನು ನುಚ್ಚುನೂರು ಮಾಡಿದ. ಆದರೂ 1679ರಲ್ಲಿ ಫ್ರಾನ್ಸಿನ ಹದಿನಾಲ್ಕನೇ ಲೂಯಿ ಹೇಳಿದಂತೆ ಗೆದ್ದದ್ದನ್ನೆಲ್ಲ ಹಿಂದಿರುಗಿಸಬೇಕಾಯಿತು.

1720ರ ನಂತರ ಡೆನ್ಮಾರ್ಕ್ ಸ್ಕೋನೆಯ ಆಸೆ ಬಿಟ್ಟು ಎಂಟು ದಶಕ ದೊಡ್ಡ ಯುದ್ಧಗಳಿಂದ ದೂರ ನಿಂತಿತು. ಇಂಗ್ಲೆಂಡ್ ಮತ್ತು ಫ್ರಾನ್ಸ್ ಕಾದಾಡುವಾಗ ಎರಡೂ ಕಡೆಯ ವ್ಯಾಪಾರ ತಟಸ್ಥ ಧ್ವಜದ ಹಡಗುಗಳಿಗೆ ಒಲಿಯಿತು. ಕೋಪನ್‌ಹೇಗನ್ ವರ್ತಕರಿಗೆ ಅದು ಸುಗ್ಗಿಯ ಕಾಲ. ತಮಿಳುನಾಡಿನ ತರಂಗಂಬಾಡಿ, ಬಂಗಾಳದ ಸೆರಾಂಪುರ ಅವರ ನೆಲೆಗಳು. ಈ ತಟಸ್ಥ ಧ್ವಜದ ನೆರಳಿಗೂ ಕನ್ನಡಕ್ಕೂ ಒಂದು ನಂಟಿದೆ. ಈಸ್ಟ್ ಇಂಡಿಯಾ ಕಂಪನಿ ತನ್ನ ನೆಲದಲ್ಲಿ ಮಿಷನರಿಗಳಿಗೆ ಎಡೆ ಕೊಡದಿದ್ದಾಗ ವಿಲಿಯಂ ಕೇರಿ 1800ರಲ್ಲಿ ಸೆರಾಂಪುರದ ಆಶ್ರಯ ಪಡೆದ. ಅಲ್ಲಿನ ಮುದ್ರಣಾಲಯದಿಂದಲೇ 1817ರಲ್ಲಿ ಅವನ ಕನ್ನಡ ವ್ಯಾಕರಣ ಹೊರಬಂತು. ಸೆರಾಂಪುರವನ್ನು ಬ್ರಿಟಿಷರು 1808ರಲ್ಲಿ ವಶಪಡಿಸಿಕೊಂಡು 1815ರಲ್ಲಿ ಮರಳಿಸಿದ್ದರಿಂದ, ಆ ಪುಸ್ತಕ ಅಚ್ಚಾದದ್ದು ಮತ್ತೆ ಡೆನ್ಮಾರ್ಕಿನ ಧ್ವಜದಡಿಯಲ್ಲಿ.

ಈ ಸುಗ್ಗಿಯನ್ನು ಡೇನರು ತಮ್ಮ ಹಕ್ಕಿನ ಫಲವೆಂದು ಭಾವಿಸತೊಡಗಿದ್ದೇ ಮುಂದಿನ ಅನಾಹುತಕ್ಕೆ ಬೀಜ. ಬ್ರಿಟನ್ ಸಹಿಸಿಕೊಂಡಷ್ಟು ದಿನ ಮಾತ್ರ ಆ ವ್ಯಾಪಾರ ನಡೆಯುತ್ತಿತ್ತು. 1798ರಿಂದ ವರ್ತಕರ ಹಡಗುಗಳಿಗೆ ಯುದ್ಧನೌಕೆಗಳ ಕಾವಲು ಹಾಕಿ ಬ್ರಿಟಿಷರ ತಪಾಸಣೆಯನ್ನು ತಡೆಯಲು ಹೊರಟಿತು ಡೆನ್ಮಾರ್ಕ್. 1800ರಲ್ಲಿ ರಷ್ಯಾದ ಚಕ್ರವರ್ತಿ ಪಾಲ್ ಜೊತೆ ಸಶಸ್ತ್ರ ತಟಸ್ಥರ ಕೂಟ ಸೇರಿತು. 1801ರ ಏಪ್ರಿಲ್ 2ರಂದು ಬ್ರಿಟಿಷ್ ನೌಕಾನಾಯಕ ನೆಲ್ಸನ್ ಕೋಪನ್‌ಹೇಗನ್ ಬಂದರಿನ ಮುಂದೆ ಲಂಗರು ಹಾಕಿದ್ದ ಹಡಗುಗಳ ಸಾಲಿನ ಮೇಲೆ ದಾಳಿ ಮಾಡಿದ. ಹದಿನೇಳರ ಹರೆಯದ ಪೀಟರ್ ವಿಲ್ಲೆಮೋಸ್ ತೇಲುವ ತೋಪಿನ ತೆಪ್ಪವೊಂದನ್ನು ಹಿಡಿದು ಗಂಟೆಗಟ್ಟಲೆ ಕಾದಾಡಿದ್ದು ಅಂದೇ. ಆ ಹುಡುಗನ ಧೈರ್ಯವನ್ನು ನೆನೆವಾಗ ಸಂಕಟವಾಗುವುದು ಇನ್ನೊಂದು ಕಾರಣಕ್ಕೆ. ಯಾರ ಬಲವನ್ನು ನಂಬಿ ಡೆನ್ಮಾರ್ಕ್ ನಿಂತಿತ್ತೋ ಆ ಪಾಲ್ ಸುಮಾರು ಹತ್ತು ದಿನಗಳ ಹಿಂದೆಯೇ ಸೇಂಟ್ ಪೀಟರ್ಸ್‌ಬರ್ಗ್‌ನ ತನ್ನ ಅರಮನೆಯಲ್ಲಿ ಕೊಲೆಯಾಗಿದ್ದ. ಸುದ್ದಿ ಇನ್ನೂ ಬಂದಿರಲಿಲ್ಲ. ಇಲ್ಲದ ಮಿತ್ರನಿಗಾಗಿ ಅಂದು ಆ ನಾವಿಕರು ಸತ್ತರು.

1807ರಲ್ಲಿ ನಡೆದದ್ದು ಇನ್ನೂ ಘೋರ. ನೆಪೋಲಿಯನ್ ಡೆನ್ಮಾರ್ಕಿನ ನೌಕಾಪಡೆಯನ್ನು ಕಬಳಿಸಿಯಾನು ಎಂದು ಹೆದರಿದ ಬ್ರಿಟನ್, ಯುದ್ಧದಲ್ಲಿಲ್ಲದ ದೇಶದ ಮೇಲೆ ಸೇನೆ ಕಳಿಸಿತು. ಅಪಾಯ ಫ್ರೆಂಚರಿಂದ ಬರುತ್ತದೆಂದು ಡೆನ್ಮಾರ್ಕಿನ ಮುಖ್ಯ ಸೇನೆ ಆಗ ದಕ್ಷಿಣದ ಗಡಿಯಲ್ಲಿ ನಿಂತಿತ್ತು. ರಾಜಧಾನಿಯಲ್ಲಿ ಇದ್ದದ್ದು ಅಷ್ಟಿಷ್ಟು ಪಡೆ. ಆಗಸ್ಟ್ 29ರಂದು ಕೋಗೆಯಲ್ಲಿ ರೈತರ ಪಡೆಯನ್ನು ಬ್ರಿಟಿಷರು ಓಡಿಸಿದರು. ಆ ರೈತರು ಮೆಟ್ಟಿದ್ದ ಮರದ ಪಾದರಕ್ಷೆಗಳಿಂದ ಅದಕ್ಕೆ ಮರದ ಮೆಟ್ಟಿನ ಕಾಳಗ ಎಂದೇ ಹೆಸರು. ಓಡಿಸಿದ ಸೇನಾನಿ ಆರ್ಥರ್ ವೆಲ್ಲೆಸ್ಲಿ, ಎಂಟು ವರ್ಷ ಹಿಂದೆ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದ ಆಡಳಿತ ಹಿಡಿದವನು. ಅದೇ ದಂಡಿನಲ್ಲಿದ್ದ ಡೇವಿಡ್ ಬೈರ್ಡ್, 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹಾಕಿದ ಪಡೆಯ ನಾಯಕ. ಸೆಪ್ಟೆಂಬರ್ 2ರಿಂದ ಮೂರು ರಾತ್ರಿ ಕೋಪನ್‌ಹೇಗನ್ ಮೇಲೆ ಬೆಂಕಿ ಸುರಿಯಿತು. ಗುಂಡುಗಳ ಜೊತೆ ಹಾರಿದ ಸುಮಾರು 300 ರಾಕೆಟ್‌ಗಳು ವಿಲಿಯಂ ಕಾಂಗ್ರೀವ್ ರೂಪಿಸಿದವು. ಅವನಿಗೆ ಪ್ರೇರಣೆ ಮೈಸೂರಿನ ಕಬ್ಬಿಣದ ಕೊಳವೆಯ ಅಗ್ನಿಬಾಣಗಳು. ಬ್ರಿಟಿಷರ ವಿರುದ್ಧ ಹೈದರ್ ಮತ್ತು ಟಿಪ್ಪು ಬಳಸಿದ ಆಯುಧದ ಸಂತತಿ ಬಾಲ್ಟಿಕ್ ದಡದ ನಿರಪರಾಧಿ ಪಟ್ಟಣವನ್ನು ಸುಟ್ಟಿತು. ಫ್ರೂ ಚರ್ಚಿನ ಎತ್ತರದ ಗೋಪುರ ಉರಿದು ಕುಸಿಯಿತು. ಇಡೀ ನೌಕಾಪಡೆಯನ್ನು ಬ್ರಿಟಿಷರು ಎಳೆದೊಯ್ದರು. ನೊಂದ ಡೆನ್ಮಾರ್ಕ್ ನೆಪೋಲಿಯನ್ ಪಕ್ಷ ಸೇರಿತು. 1813ರಲ್ಲಿ ಖಜಾನೆ ದಿವಾಳಿಯಾಯಿತು, 1814ರಲ್ಲಿ ನಾಲ್ಕು ಶತಮಾನ ಜೊತೆಗಿದ್ದ ನಾರ್ವೆ ಸ್ವೀಡನ್ನಿನ ಪಾಲಾಯಿತು. 1807ರ ಅಪರಾಧ ಬ್ರಿಟನ್ನಿನದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ 1801ರ ಅನುಭವದ ನಂತರವೂ ತಟಸ್ಥ ಧ್ವಜವೇ ಸಾಕಷ್ಟು ಗುರಾಣಿ ಎಂದು ನಂಬಿದ್ದು ಡೆನ್ಮಾರ್ಕಿನ ಲೆಕ್ಕದ ತಪ್ಪು.

ಈಗ ಸಿಂಹದ ಕಥೆಗೆ ಮರಳೋಣ. ಶ್ಲೆಸ್ವಿಗ್ ಮತ್ತು ಹೋಲ್‌ಸ್ಟೈನ್ ಎರಡೂ ಡೆನ್ಮಾರ್ಕಿನ ದೊರೆ ಡ್ಯೂಕ್ ಆಗಿ ಆಳುತ್ತಿದ್ದ ಪ್ರಾಂತ್ಯಗಳು. ಹೋಲ್‌ಸ್ಟೈನ್ ಪೂರ್ತಿ ಜರ್ಮನ್. ಶ್ಲೆಸ್ವಿಗ್‌ನಲ್ಲಿ ಉತ್ತರಕ್ಕೆ ಡೇನಿಷ್, ದಕ್ಷಿಣಕ್ಕೆ ಜರ್ಮನ್ ಮಾತು. 1848ರಲ್ಲಿ ಜರ್ಮನ್ನರು ದಂಗೆ ಎದ್ದಾಗ ಪ್ರಷ್ಯಾದ ಸೇನೆ ಅವರ ಬೆಂಬಲಕ್ಕೆ ಜಟ್‌ಲ್ಯಾಂಡಿನವರೆಗೂ ಬಂತು. ಅದನ್ನು ಹಿಂದಕ್ಕೆ ಕಳಿಸಿದ್ದು ಡೇನರ ಬಂದೂಕಲ್ಲ, ರಷ್ಯಾದ ನಿಕೋಲಾಸ್ ಚಕ್ರವರ್ತಿಯ ಗದರಿಕೆ ಮತ್ತು ಬ್ರಿಟನ್ನಿನ ಒತ್ತಡ. 1850ರ ಜುಲೈ ಆರಂಭದಲ್ಲಿ ಪ್ರಷ್ಯಾ ಶಾಂತಿ ಒಪ್ಪಂದ ಮಾಡಿಕೊಂಡು ಬದಿಗೆ ಸರಿದ ಮೇಲೆಯೇ ಡೇನರು ಇಸ್ಟೆಡ್‌ನಲ್ಲಿ ಬಂಡುಕೋರರನ್ನು ಒಂಟಿಯಾಗಿ ಎದುರಿಸಿ ಗೆದ್ದದ್ದು. ಸೈನಿಕರು ನಿಜವಾಗಿ ಹೋರಾಡಿದರು, ನಿಜವಾಗಿ ಸತ್ತರು. ಆದರೆ ಕೋಪನ್‌ಹೇಗನ್‌ನಲ್ಲಿ ಕಟ್ಟಿದ ಕಥೆಯಲ್ಲಿ ರಷ್ಯಾದ ಗದರಿಕೆಗೆ ಜಾಗವಿರಲಿಲ್ಲ. ನಮ್ಮ ಹುಡುಗರು ಜರ್ಮನಿಯನ್ನು ಸೋಲಿಸಿದರು ಎಂಬುದಷ್ಟೇ ಉಳಿಯಿತು. ಸಿಂಹ ಆ ಅರ್ಧಸತ್ಯದ ಕಂಚಿನ ರೂಪ.

ಉಳಿದರ್ಧವನ್ನು ಮರೆತದ್ದಕ್ಕೆ ಕೊಡಬೇಕಾದ ಬೆಲೆ 1863ರಲ್ಲಿ ಎದುರಾಯಿತು. ಶ್ಲೆಸ್ವಿಗ್ಗನ್ನು ಪ್ರತ್ಯೇಕವಾಗಿ ರಾಜ್ಯಕ್ಕೆ ಬೆಸೆಯುವುದಿಲ್ಲ ಎಂದು ಮಹಾಶಕ್ತಿಗಳಿಗೆ ಡೆನ್ಮಾರ್ಕ್ ಮಾತು ಕೊಟ್ಟಿತ್ತು. 1863ರ ನವೆಂಬರಿನ ಸಂವಿಧಾನ ಆ ಮಾತನ್ನು ಮುರಿಯಿತು. ಸಿಂಹಾಸನವೇರಿ ಮೂರೇ ದಿನವಾಗಿದ್ದ ಒಂಬತ್ತನೇ ಕ್ರಿಶ್ಚಿಯನ್ ಅಳುಕುತ್ತಲೇ ಸಹಿ ಹಾಕಿದ. ಮಾತು ಮುರಿದವನ ನೆರವಿಗೆ ಯಾರು ಬಂದಾರು? ಸ್ವೀಡನ್ನಿನ ದೊರೆ ಬೇಸಿಗೆಯಲ್ಲಿ ಕೊಟ್ಟಿದ್ದ ಭರವಸೆಯನ್ನು ಅವನ ಸರ್ಕಾರವೇ ಒಪ್ಪಲಿಲ್ಲ. ಬ್ರಿಟನ್ನಿನ ಪ್ರಧಾನಿ ಪಾಮರ್‌ಸ್ಟನ್ ಸಂಸತ್ತಿನಲ್ಲಿ ಆಡಿದ್ದ ಧೈರ್ಯದ ಮಾತು ಮಾತಾಗಿಯೇ ಉಳಿಯಿತು. ಪೋಲೆಂಡಿನ ದಂಗೆಯಲ್ಲಿ ಪ್ರಷ್ಯಾದ ಸಹಕಾರ ಪಡೆದಿದ್ದ ರಷ್ಯಾ ಈ ಸಲ ಗದರಿಸಲಿಲ್ಲ. 1864ರ ಫೆಬ್ರವರಿ 1ರಂದು ಪ್ರಷ್ಯಾ ಮತ್ತು ಆಸ್ಟ್ರಿಯಾ ಸೇನೆಗಳು ಗಡಿ ದಾಟಿದವು. ಡೆನ್ಮಾರ್ಕಿನ ಜನ ನಂಬಿದ್ದು ಸಾವಿರ ವರ್ಷದ ಡಾನೆವಿರ್ಕೆಯನ್ನು. ಅದರ ಎರಡೂ ಬದಿಯ ನೀರು ಹೆಪ್ಪುಗಟ್ಟಿ ಶತ್ರು ಸುತ್ತುವರಿಯುವ ಅಪಾಯ ಕಂಡ ದಂಡನಾಯಕ ಡಿ ಮೇಝಾ, ಫೆಬ್ರವರಿ 5ರ ರಾತ್ರಿ ಹಿಮಗಾಳಿಯಲ್ಲಿ ಇಡೀ ಸೇನೆಯನ್ನು ಅಲ್ಲಿಂದ ಹಿಂದಕ್ಕೆ ತಂದ. ಸೇನೆ ಉಳಿಯಿತು, ರಾಜಧಾನಿಯ ಬೀದಿಗಳಲ್ಲಿ ಆಕ್ರೋಶ ಎದ್ದಿತು, ದಂಡನಾಯಕನ ಅಧಿಕಾರ ಹೋಯಿತು. ಆ ಇಡೀ ಯುದ್ಧದಲ್ಲಿ ಹಾಸಿಗೆಯ ಉದ್ದವನ್ನು ಸರಿಯಾಗಿ ಅಳೆದವನು ಅವನೊಬ್ಬನೇ ಎಂದು ನನಗನ್ನಿಸುತ್ತದೆ.

ಅವನು ಹಿಂದಕ್ಕೆ ತಂದ ಸೇನೆಯನ್ನು ಡ್ಯೂಬೋಲ್ ದಿಬ್ಬದ ಹತ್ತು ಮಣ್ಣಿನ ಕೊತ್ತಲಗಳಲ್ಲಿ ನಿಲ್ಲಿಸಿದರು. ಆ ಕೊತ್ತಲಗಳ ಹಿಂದಿದ್ದದ್ದು ಹಿಂದಿನ ಯುದ್ಧದ ತೋಪುಗಳ ಲೆಕ್ಕ. ಕೊಲ್ಲಿಯಾಚೆಯ ಬ್ರೋಆಗರ್ ದಂಡೆಯಿಂದ ಗುಂಡು ತಲುಪಲಾರದು ಎಂಬ ಆ ಲೆಕ್ಕವನ್ನು ಪ್ರಷ್ಯಾದ ಹೊಸ ಸುರುಳಿಗೆರೆಯ ಫಿರಂಗಿಗಳು ಸುಳ್ಳಾಗಿಸಿದವು. ಪ್ರಷ್ಯನ್ ಸೈನಿಕ ಹಿಂಬದಿಯಿಂದ ತುಂಬುವ ಬಂದೂಕಿನಿಂದ ಮಲಗಿದಲ್ಲೇ ಗುಂಡು ಹಾರಿಸುತ್ತಿದ್ದರೆ, ಡೇನ್ ಸೈನಿಕ ನಿಂತು ನಳಿಕೆಯ ಬಾಯಿಂದ ಮದ್ದು ತುಂಬಬೇಕಿತ್ತು. ವಾರಗಟ್ಟಲೆ ಸುರಿದ ಗುಂಡುಗಳ ನಂತರ ಏಪ್ರಿಲ್ 18ರ ಬೆಳಗ್ಗೆ 10 ಗಂಟೆಗೆ ಲಗ್ಗೆ. ಮಧ್ಯಾಹ್ನದ ಹೊತ್ತಿಗೆ ದಿಬ್ಬ ಪ್ರಷ್ಯಾದ ವಶ. ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸೇರಿ ಡೆನ್ಮಾರ್ಕ್ ಕಳೆದುಕೊಂಡದ್ದು ಸುಮಾರು 4,800 ಜನ. ಪ್ರಷ್ಯಾಕ್ಕೆ ಆದ ನಷ್ಟ ಸುಮಾರು 1,200. ದಿಬ್ಬದ ಮೇಲೆ ನಿಂತವರಲ್ಲಿ ಬಹುಮಂದಿ ರೈತರ ಮಕ್ಕಳು. ಅವರನ್ನು ಅಲ್ಲಿ ನಿಲ್ಲಿಸಿದ ಲೆಕ್ಕಾಚಾರ ಅವರದಾಗಿರಲಿಲ್ಲ.

ಇವೆಲ್ಲ ಆಗಿಹೋದ ಮೇಲೆ ಹೇಳುವ ಜಾಣ್ಮೆ, ಆ ಗಳಿಗೆಯಲ್ಲಿ ಯಾರಿಗೆ ಗೊತ್ತಿತ್ತು ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಅದು ತೂಕದ ಆಕ್ಷೇಪ. 1658ರಲ್ಲಿ ಸಮುದ್ರ ಹೆಪ್ಪುಗಟ್ಟುತ್ತದೆಂದು ಯಾರೂ ಊಹಿಸಲಾರರು ಎಂಬುದನ್ನು ಒಪ್ಪಬೇಕು. ಆದರೆ 1625ರಲ್ಲಿ ರಾಜ್ಯಮಂಡಳಿ ಬೇಡ ಎಂದದ್ದು ಲುಟರ್ ಸೋಲಿಗೆ ಮೊದಲು. ಡಿ ಮೇಝಾ ಸೇನೆಯನ್ನು ಹಿಂದಕ್ಕೆ ತಂದದ್ದೂ ಡ್ಯೂಬೋಲ್‌ಗೆ ಮೊದಲು. ಇವೆಲ್ಲಕ್ಕಿಂತ ದೊಡ್ಡ ಸಾಕ್ಷ್ಯ 1864ರ ಏಪ್ರಿಲ್‌ನಿಂದ ಜೂನ್‌ವರೆಗೆ ಲಂಡನ್ನಿನಲ್ಲಿ ನಡೆದ ಸಂಧಾನ. ಡ್ಯೂಬೋಲ್ ಬಿದ್ದ ಮೇಲೂ ಶ್ಲೆಸ್ವಿಗ್ಗನ್ನು ಭಾಷೆಯ ಆಧಾರದಲ್ಲಿ ಹಂಚುವ ಮಾತು ಅಲ್ಲಿ ಮೇಜಿನ ಮೇಲಿತ್ತು. ಒಪ್ಪಿದ್ದರೆ ಡೇನಿಷ್ ಮಾತಾಡುವ ಉತ್ತರ ಭಾಗವಾದರೂ ಉಳಿಯುತ್ತಿತ್ತು. ಬಿಷಪ್ ಆಗಿದ್ದು ಪ್ರಧಾನಿಯಾದ ಮೊನ್ರಾಡ್ ಸರ್ಕಾರ ಪಟ್ಟು ಸಡಿಲಿಸಲಿಲ್ಲ. ಸಂಧಾನ ಮುರಿದು ನಾಲ್ಕೇ ದಿನಕ್ಕೆ, ಜೂನ್ 29ರ ನಸುಕಿನಲ್ಲಿ, ಪ್ರಷ್ಯನ್ನರು ದೋಣಿಗಳಲ್ಲಿ ಆಲ್ಸ್ ದ್ವೀಪಕ್ಕೆ ದಾಟಿದರು. ಅಕ್ಟೋಬರ್ 30ರ ವಿಯೆನ್ನಾ ಒಪ್ಪಂದದಲ್ಲಿ ಶ್ಲೆಸ್ವಿಗ್, ಹೋಲ್‌ಸ್ಟೈನ್, ಲಾವೆನ್‌ಬರ್ಗ್ ಮೂರೂ ಹೋದವು. ಪ್ರಜೆಗಳ ಸಂಖ್ಯೆ ಸುಮಾರು 26 ಲಕ್ಷದಿಂದ 16 ಲಕ್ಷಕ್ಕೆ ಇಳಿಯಿತು. ಅಂದು ಆಯ್ಕೆ ಇತ್ತು, ಆಯ್ಕೆ ಇದೆಯೆಂದು ಹೇಳುವವರೂ ಇದ್ದರು.

ಇನ್ನೊಂದು ಆಕ್ಷೇಪ ಹೆಚ್ಚು ಮೋಹಕ. 1864ರ ಸೋಲೇ ಡೆನ್ಮಾರ್ಕಿಗೆ ಒಳ್ಳೆಯದಾಯಿತು. ಹೊರಗೆ ಕಳೆದದ್ದನ್ನು ಅದು ಒಳಗೆ ಗಳಿಸಿಕೊಂಡಿತು, ಬಂಜರು ನೆಲವನ್ನು ಹಸಿರು ಮಾಡಿತು, ಹೈನುಗಾರರ ಸಹಕಾರ ಸಂಘ ಕಟ್ಟಿತು, ಜಗತ್ತಿಗೆ ಮಾದರಿಯಾದ ಸಮಾಜವಾಯಿತು ಎಂಬುದು. ಸೇನೆಯ ಎಂಜಿನಿಯರ್ ಆಗಿದ್ದ ಡಾಲ್ಗಾಸ್ 1866ರಲ್ಲಿ ಜಟ್‌ಲ್ಯಾಂಡಿನ ಕುರುಚಲು ಬಯಲನ್ನು ಸಾಗುವಳಿಗೆ ತರಲು ಸಂಸ್ಥೆ ಕಟ್ಟಲು ಮುಂದಾದದ್ದು, 1882ರಲ್ಲಿ ಹ್ಯೆಡ್ಡಿಂಗ್‌ನಲ್ಲಿ ಮೊದಲ ಸಹಕಾರಿ ಡೇರಿ ಶುರುವಾದದ್ದು ಎಲ್ಲವೂ ನಿಜ. ಆದರೆ ರೈತರ ಮಕ್ಕಳಿಗಾಗಿ ಮೊದಲ ಜನತಾ ಪ್ರೌಢಶಾಲೆ ತೆರೆದದ್ದು 1844ರಲ್ಲಿ, ಸೋಲಿಗೆ ಇಪ್ಪತ್ತು ವರ್ಷ ಮೊದಲು. ರೈತನನ್ನು ಜಮೀನ್ದಾರನ ಎಸ್ಟೇಟಿಗೆ ಕಟ್ಟಿಹಾಕಿದ್ದ ಪದ್ಧತಿ, ಸೇನೆಗೆ ಆಳು ಸಿಗಲೆಂದು 1733ರಲ್ಲಿ ತಂದದ್ದು, ರದ್ದಾದದ್ದು 1788ರಲ್ಲಿ, ಶಾಂತಿಯ ಕಾಲದಲ್ಲಿ. ಡೆನ್ಮಾರ್ಕಿನ ಏಳಿಗೆಗೆ ಡ್ಯೂಬೋಲ್‌ನ ರಕ್ತ ಬೇಕಿರಲಿಲ್ಲ. ಅಷ್ಟಲ್ಲದೆ, ಒಳ್ಳೆಯದಾಯಿತು ಎಂದು ಯಾರ ಪರವಾಗಿ ಹೇಳುತ್ತೇವೆ? ಗಡಿಯ ಆಚೆ ಉಳಿದುಹೋದ ಉತ್ತರ ಶ್ಲೆಸ್ವಿಗ್‌ನಿಂದ ಸುಮಾರು 30,000 ಜನ ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸಮವಸ್ತ್ರ ತೊಟ್ಟು ಹೋದರು. ಅವರಲ್ಲಿ ಬಹುಪಾಲು ಮಂದಿಯ ಮನೆಮಾತು ಡೇನಿಷ್. 5,000ಕ್ಕೂ ಹೆಚ್ಚು ಮಂದಿ ಮರಳಲಿಲ್ಲ. 1920ರ ಫೆಬ್ರವರಿಯಲ್ಲಿ ಜನಮತ ಕೇಳಿದಾಗ ಉತ್ತರ ಶ್ಲೆಸ್ವಿಗ್‌ನ ನಾಲ್ಕರಲ್ಲಿ ಮೂರು ಪಾಲು ಡೆನ್ಮಾರ್ಕನ್ನು ಆರಿಸಿತು. ಒಂದು ಗುಂಡೂ ಹಾರದೆ ಬಿದ್ದ ಆ ಗಡಿ ಇಂದಿಗೂ ಅಲ್ಲೇ ಇದೆ. 1864ರ ಲಂಡನ್ ಸಂಧಾನದಲ್ಲಿ ಸಿಗಬಹುದಾಗಿದ್ದದ್ದೂ ಹೆಚ್ಚುಕಡಿಮೆ ಅಂಥದ್ದೇ. ನಡುವಿನ 56 ವರ್ಷಗಳ ಸಾವುನೋವನ್ನು ಸೋಲಿನ ಲಾಭದ ಲೆಕ್ಕದಲ್ಲಿ ಜಮೆ ಮಾಡುವುದು ಅನ್ಯಾಯ.

ಗೆಲುವಿನಿಂದ ತಪ್ಪು ಪಾಠ ಕಲಿತಂತೆ ಸೋಲಿನಿಂದಲೂ, ಶಾಂತಿಯಿಂದಲೂ ತಪ್ಪು ಪಾಠ ಕಲಿಯಬಹುದು. 1864 ಕಲಿಸಿದ್ದು ಜರ್ಮನಿಯನ್ನು ಕೆಣಕಬೇಡ ಎಂಬುದನ್ನು. 1914ರ ಆಗಸ್ಟಿನಲ್ಲಿ ಜರ್ಮನಿ ಒತ್ತಾಯಿಸಿದಾಗ ಡೆನ್ಮಾರ್ಕ್ ಗ್ರೇಟ್ ಬೆಲ್ಟ್ ಜಲಸಂಧಿಯಲ್ಲಿ ತಾನೇ ಸಿಡಿಗುಂಡು ಹುದುಗಿಸಿತು. ನಾಲ್ಕು ವರ್ಷ ಯುದ್ಧದಿಂದ ಪಾರಾಯಿತು. ಪಾರಾದದ್ದಕ್ಕೆ ಕಾರಣ, ಉತ್ತರದ ಗಡಿ ಶಾಂತವಾಗಿರುವುದೂ ಡೆನ್ಮಾರ್ಕಿನ ಬೆಣ್ಣೆ-ಮಾಂಸವೂ ಜರ್ಮನಿಗೆ ಬೇಕಾಗಿದ್ದದ್ದು. ಅದು ತಮ್ಮ ನೀತಿಯ ಜಯವೆಂದು ವಿದೇಶಾಂಗ ಸಚಿವ ಪೀಟರ್ ಮುಂಕ್ ಅವರ ತಲೆಮಾರು ಬಗೆಯಿತು. 1939ರ ಮೇ 31ರಂದು ಹಿಟ್ಲರ್ ಜೊತೆ ಅನಾಕ್ರಮಣ ಒಪ್ಪಂದಕ್ಕೆ ಸಹಿ ಬಿತ್ತು. 1940ರ ಏಪ್ರಿಲ್ ಮೊದಲ ವಾರ ಬರ್ಲಿನ್‌ನಿಂದ ಎಚ್ಚರಿಕೆ ಬಂದರೂ, ಕೆಣಕಿದಂತಾಗುತ್ತದೆಂದು ಸೇನೆಯನ್ನು ಪೂರ್ತಿ ಸಜ್ಜುಗೊಳಿಸಲಿಲ್ಲ. ಏಪ್ರಿಲ್ 9ರ ನಸುಕಿನ 4.15ಕ್ಕೆ ಜರ್ಮನ್ನರು ಗಡಿ ದಾಟಿದರು. ಸೈನಿಕರನ್ನು ಹೊತ್ತ ಹಡಗೊಂದು ಕೋಪನ್‌ಹೇಗನ್ ಬಂದರನ್ನು ಕಾಯುವ ಕೋಟೆಯ ಮುಂದೆಯೇ ಒಂದು ಗುಂಡೂ ಎದುರಾಗದೆ ಒಳಬಂತು. ಬೆಳಗಿನ ತಿಂಡಿಯ ಹೊತ್ತಿಗೆ ಶರಣಾಗತಿ. ದಕ್ಷಿಣ ಜಟ್‌ಲ್ಯಾಂಡಿನಲ್ಲೂ ಇತರೆಡೆಯೂ ಕೆಲವು ತುಕಡಿಗಳು ಹೋರಾಡಿ ಹದಿನಾರು ಮಂದಿ ಸತ್ತರು.

ಅಂದು ಶರಣಾದದ್ದು ಹೇಡಿತನವಲ್ಲ ಎಂದು ವಾದಿಸುವವರಿದ್ದಾರೆ. ಸಮತಟ್ಟು ನೆಲ, ಅಡಗಲು ಬೆಟ್ಟವಿಲ್ಲ, ನೆರವಿಗೆ ಬರುವವರಿಲ್ಲ. ಕಾದಾಡಿದ್ದರೆ ಕೋಪನ್‌ಹೇಗನ್ ಮತ್ತೆ ಉರಿಯುತ್ತಿತ್ತು. ಇದನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಏಪ್ರಿಲ್ 9ರ ಬೆಳಗ್ಗೆ ಬೇರೆ ದಾರಿ ಉಳಿದಿರಲಿಲ್ಲ. ಅದನ್ನು ಉಳಿಸದಂತೆ ಮಾಡಿದ್ದು ಅದಕ್ಕೆ ಹಿಂದಿನ ಇಪ್ಪತ್ತು ವರ್ಷ. ಅದೇ ಜನ 1943ರ ಆಗಸ್ಟ್ 29ರಂದು ತಮ್ಮ ಯುದ್ಧನೌಕೆಗಳು ಜರ್ಮನ್ನರಿಗೆ ಸಿಗದಂತೆ ತಾವೇ ಮುಳುಗಿಸಿದರು. ಅದೇ ಅಕ್ಟೋಬರಿನಲ್ಲಿ 7,000ಕ್ಕೂ ಹೆಚ್ಚು ಯೆಹೂದಿಗಳನ್ನು ಮೀನುದೋಣಿಗಳಲ್ಲಿ ಓರೆಸುಂಡ್ ದಾಟಿಸಿ ಸ್ವೀಡನ್ನಿಗೆ ಸೇರಿಸಿದರು. ಶತಮಾನಗಳ ಕಾಲ ಸುಂಕಕ್ಕಾಗಿ, ಸ್ಕೋನೆಗಾಗಿ ರಕ್ತ ಹರಿದ ನೀರು ಅದು. ಡೆನ್ಮಾರ್ಕಿನ ಇಡೀ ಯುದ್ಧಚರಿತ್ರೆಯಲ್ಲಿ ಆ ಜಲಸಂಧಿಯ ಮೇಲೆ ನಡೆದ ಅತಿ ದೊಡ್ಡ ಕೆಲಸ ಯಾವ ಸೇನಾನಿಯದೂ ಅಲ್ಲ, ಆ ಮೀನುಗಾರರದು.

ಯುದ್ಧ ಮುಗಿದ ಮೇಲೆ ಪಾಠ ತಿರುಗಿತು: ಒಂಟಿಯಾಗಿ ನಿಲ್ಲಬೇಡ, ಬಲಶಾಲಿಯ ಕೈ ಹಿಡಿ. 1949ರಲ್ಲಿ ಡೆನ್ಮಾರ್ಕ್ ನ್ಯಾಟೊ ಒಕ್ಕೂಟದ ಸ್ಥಾಪಕ ಸದಸ್ಯರಾಷ್ಟ್ರವಾಯಿತು. 1951ರಲ್ಲಿ ಗ್ರೀನ್‌ಲ್ಯಾಂಡಿನಲ್ಲಿ ಸೇನಾನೆಲೆಗೆ ಅಮೆರಿಕದ ಜೊತೆ ಒಪ್ಪಂದ ಮಾಡಿಕೊಂಡಿತು. ಅಮೆರಿಕ ಕರೆದಲ್ಲಿಗೆಲ್ಲ ಹೋಗುವುದೇ ಆ ಕೈ ಬಿಡದಂತೆ ನೋಡಿಕೊಳ್ಳುವ ದಾರಿ ಎಂಬ ನಂಬಿಕೆ ಬೆಳೆಯಿತು. ಅಫ್ಘಾನಿಸ್ತಾನದ ಹೆಲ್ಮಂಡ್ ಪ್ರಾಂತ್ಯದಲ್ಲಿ ಕಾದಾಡಿದ ಈ ದೇಶ ಆ ಯುದ್ಧದಲ್ಲಿ ನಲವತ್ತಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು. ಜನಸಂಖ್ಯೆಗೆ ಹೋಲಿಸಿದರೆ ಅದು ಮಿತ್ರಕೂಟದಲ್ಲೇ ಅತಿ ಹೆಚ್ಚಿನ ಬಲಿಗಳಲ್ಲಿ ಒಂದು. ಉಕ್ರೇನ್ ಯುದ್ಧ ಶುರುವಾದ ನಂತರ ರಕ್ಷಣಾ ವೆಚ್ಚ ಹೊಂದಿಸಲು, 1686ರಿಂದ ಆಚರಿಸುತ್ತಿದ್ದ ಮಹಾಪ್ರಾರ್ಥನೆಯ ದಿನದ ರಜೆಯನ್ನೇ 2024ರಿಂದ ತೆಗೆದುಹಾಕಿದರು.

ಕೈ ಹಿಡಿದವನೇ ಆಸ್ತಿಗೆ ಕೈ ಹಾಕಿದರೆ ಏನು ಮಾಡುವುದು ಎಂಬ ಪ್ರಶ್ನೆ ಆ ಪಾಠದಲ್ಲಿ ಇರಲಿಲ್ಲ. 2025ರ ಜನವರಿಯಲ್ಲಿ, ಎರಡನೇ ಬಾರಿ ಅಧ್ಯಕ್ಷರಾಗಲಿದ್ದ ಡೊನಾಲ್ಡ್ ಟ್ರಂಪ್, ಗ್ರೀನ್‌ಲ್ಯಾಂಡ್ ಪಡೆಯಲು ಸೇನಾಬಲ ಬಳಸುವುದಿಲ್ಲ ಎಂದು ಹೇಳಲು ಒಪ್ಪಲಿಲ್ಲ. ಅದೇ ತಿಂಗಳು ಡೆನ್ಮಾರ್ಕ್ ಉತ್ತರ ಧ್ರುವ ಪ್ರದೇಶದ ಕಾವಲಿಗೆ 1,460 ಕೋಟಿ ಕ್ರೋನರ್ ತೆಗೆದಿಟ್ಟು, ಹೊಸ ಹಡಗುಗಳನ್ನೂ ದೂರಗಾಮಿ ಡ್ರೋನ್‌ಗಳನ್ನೂ ಕೊಳ್ಳುವುದಾಗಿ ಸಾರಿತು. ಆ ಕಾವಲುಗಾರರಿಗೆ ಅನ್ವಯಿಸುವ ಹಳೆಯದೊಂದು ರಾಜಾಜ್ಞೆ ಇದೆ. ಏಪ್ರಿಲ್ 9ರ ಬೆಳಗಿನ ಗಾಯ ಹಸಿಯಾಗಿದ್ದಾಗ, 1952ರ ಮಾರ್ಚ್ 6ರಂದು, ಬರೆದದ್ದು. ಡೆನ್ಮಾರ್ಕಿನ ನೆಲದ ಮೇಲೆ ದಾಳಿಯಾದರೆ, ಯುದ್ಧ ಘೋಷಣೆಯಾಗಿದೆಯೇ ಎಂಬುದು ಗೊತ್ತಿರದಿದ್ದರೂ, ಮೇಲಿನವರ ಅಪ್ಪಣೆಗೆ ಕಾಯದೆ ಅಲ್ಲಿರುವ ಪಡೆ ಆ ಕ್ಷಣವೇ ಹೋರಾಟಕ್ಕಿಳಿಯಬೇಕು ಎನ್ನುತ್ತದೆ ಅದು. ಬರೆದವರ ಮನಸ್ಸಿನಲ್ಲಿ ಶತ್ರು ಯಾವ ದಿಕ್ಕಿನಿಂದ ಬರುತ್ತಾನೆಂಬ ಬಗ್ಗೆ ಅನುಮಾನವಿದ್ದಿರಲಾರದು. ಆ ಆಜ್ಞೆ ಇಂದಿಗೂ ಜಾರಿಯಲ್ಲಿದೆ, ಗ್ರೀನ್‌ಲ್ಯಾಂಡಿಗೂ ಅನ್ವಯಿಸುತ್ತದೆ.